ಒಂದೇ ನಿಯಮಕ್ಕೆ ಒಂದೇ ಜಾಗ: ಮಾಡ್ಯೂಲುಗಳ ನಡುವೆ ಸಹಾಯಕ ಕೋಡ್ ಹಂಚಿಕೊಳ್ಳುವ ಕ್ರಮ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗಾಗಿ ನಾನು ಹುಬ್ಬಳ್ಳಿಯಲ್ಲಿ ಕುಳಿತು ಬರೆದ ಲೆಕ್ಕದ ಪ್ರೋಗ್ರಾಮಿನಲ್ಲಿ ಮೂರು ಮಾಡ್ಯೂಲುಗಳಿದ್ದವು, ಅಂದರೆ ಬೇರೆ ಬೇರೆ ಕೆಲಸದ ಮೂರು ಕೋಡ್ ಫೈಲುಗಳು. ಒಂದು ತೂಕದ ಚೀಟಿ ಬರೆಯುತ್ತಿತ್ತು, ಇನ್ನೊಂದು ರೈತರಿಗೆ ಕೊಡುವ ಲೆಕ್ಕ ತಿರುವಳಿಯನ್ನು ಸಿದ್ಧಪಡಿಸುತ್ತಿತ್ತು, ಮೂರನೆಯದು ಖರೀದಿದಾರರ ಬಿಲ್ ಮಾಡುತ್ತಿತ್ತು. ಫೆಬ್ರವರಿಯ ಹಂಗಾಮು ಜೋರಾಗಿದ್ದಾಗ ಅಂಗಡಿಯ ಗುಮಾಸ್ತರು ಫೋನ್ ಮಾಡಿ, “ಸರ, ಎರಡೂ ಕಾಗದದಾಗ ಹಮಾಲಿ ಒಂದ ಇರಬೇಕಲ್ರಿ, ಒಂದರಾಗ ಒಂದು ರೂಪಾಯಿ ಕಮ್ಮಿ ಬಂದೈತಿ” ಎಂದರು. ಹುಡುಕಿ ನೋಡಿದಾಗ ಮೊತ್ತ 1,262.50 ರೂಪಾಯಿ ಇತ್ತು. ಬಿಲ್ ಮಾಡ್ಯೂಲಿನಲ್ಲಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ರೌಂಡ್’ ಫಂಕ್ಷನ್ (ಹೆಸರು ಹಿಡಿದು ಕರೆದರೆ ಒಂದು ನಿಗದಿತ ಕೆಲಸ ಮಾಡುವ ಕೋಡ್ ತುಣುಕು) ಬಳಸಿದ್ದೆ. ಅದು ಸರಿಯಾಗಿ ಅರ್ಧ ಉಳಿದಾಗ ಹತ್ತಿರದ ಸಮಸಂಖ್ಯೆಯ ಕಡೆಗೆ ಹೋಗುವುದರಿಂದ 1,262 ಎಂದು ಮುದ್ರಿಸಿತ್ತು. ಲೆಕ್ಕ ತಿರುವಳಿಯಲ್ಲಿ ಅರ್ಧ ಕೂಡಿಸಿ ದಶಾಂಶವನ್ನು ಕತ್ತರಿಸುವ ಹಳೆಯ ಉಪಾಯ ಬಳಸಿದ್ದರಿಂದ ಅಲ್ಲಿ 1,263 ಬಂದಿತ್ತು. ಎರಡನ್ನೂ ಬರೆದವನು ನಾನೇ. ಕೆಲವು ತಿಂಗಳ ಅಂತರದಲ್ಲಿ, ಮೊದಲನೆಯದನ್ನು ಮರೆತು ಎರಡನೆಯದನ್ನು ಬರೆದಿದ್ದೆ.

ಆ ಒಂದು ರೂಪಾಯಿಯನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆದರೆ ಇಡೀ ಪ್ರೋಗ್ರಾಮಿನಲ್ಲಿ ಹೀಗೆ ಎರಡೆರಡು ಕಡೆ ಬರೆದ ನಿಯಮಗಳನ್ನು ಒಂದೊಂದು ಜಾಗಕ್ಕೆ ತರುವ ಕೆಲಸ ಹಲವು ವಾರ ಹಿಡಿಯಿತು, ಅದರಲ್ಲಿ ನಾನು ಒಂದೆರಡು ಸಲ ತಪ್ಪು ದಾರಿಯನ್ನೂ ಹಿಡಿದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಪೈಥಾನಿನವು. ಬೇರೆ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇಂಪೋರ್ಟಿನ (ಒಂದು ಫೈಲು ಇನ್ನೊಂದರ ಕೋಡನ್ನು ತರಿಸಿಕೊಳ್ಳುವುದರ) ವಿವರಗಳು ಬದಲಾದರೂ ಉಳಿದದ್ದು ಹಾಗೆಯೇ ಅನ್ವಯಿಸುತ್ತದೆ.

ಮೊದಲು ನಕಲುಗಳ ಪಟ್ಟಿ

ಕೋಡನ್ನು ಮುಟ್ಟುವ ಮೊದಲು ಏನೇನು ಎಲ್ಲೆಲ್ಲಿ ಎರಡು ಸಲ ಬರೆಯಲ್ಪಟ್ಟಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಪೈಲಿಂಟ್‌ನಂಥ ಉಪಕರಣ ಬೇರೆ ಬೇರೆ ಫೈಲುಗಳಲ್ಲಿ ಒಂದೇ ರೀತಿಯ ಸಾಲುಗಳು ಕಂಡರೆ ಎಚ್ಚರಿಸುತ್ತದೆ, ಅದರ ಮೂಲ ಸೆಟ್ಟಿಂಗಿನಲ್ಲಿ ನಾಲ್ಕು ಸಾಲುಗಳ ಹೋಲಿಕೆ ಸಾಕು. ಆದರೆ ಇಂಥ ಉಪಕರಣ ನೋಡುವುದು ಅಕ್ಷರದ ಹೋಲಿಕೆಯನ್ನು, ಅರ್ಥದ ಹೋಲಿಕೆಯನ್ನಲ್ಲ. ನನ್ನ ಎರಡು ದುಂಡಾಗಿಸುವ ಫಂಕ್ಷನ್‌ಗಳಲ್ಲಿ ಹೆಸರೂ ಬೇರೆ, ವಿಧಾನವೂ ಬೇರೆ ಇದ್ದುದರಿಂದ ಯಾವ ಉಪಕರಣವೂ ಅವುಗಳನ್ನು ಜೋಡಿ ಎಂದು ಗುರುತಿಸುತ್ತಿರಲಿಲ್ಲ. ಆದ್ದರಿಂದ ಕೋಡ್ ಯಾವುದನ್ನು ಮುಟ್ಟುತ್ತದೆ ಎಂಬುದರ ಮೇಲೆ ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ಅಲ್ಪವಿರಾಮ ಸೇರಿಸುವ ಸಾಲುಗಳು, ದಿನಾಂಕವನ್ನು ಒಡೆಯುವ ಸಾಲುಗಳು, ಹೆಸರಿನ ಆಚೀಚೆಯ ಖಾಲಿ ಜಾಗವನ್ನು ತೆಗೆಯುವ ಸಾಲುಗಳು, ಏಪ್ರಿಲ್ ತಿಂಗಳನ್ನು ಹೋಲಿಸುವ ಸಾಲುಗಳು: ಇಷ್ಟನ್ನು ಗ್ರೆಪ್ ಎಂಬ ಪಠ್ಯ ಹುಡುಕುವ ಉಪಕರಣದಿಂದ ಹುಡುಕಿದರೆ ವ್ಯಾಪಾರದ ಪ್ರೋಗ್ರಾಮಿನಲ್ಲಿ ಮುಕ್ಕಾಲು ಪಾಲು ನಕಲು ಸಿಕ್ಕಿಬಿಡುತ್ತದೆ. ನನಗೆ ಆರ್ಥಿಕ ವರ್ಷವನ್ನು ಲೆಕ್ಕ ಹಾಕುವ ಮೂರು ಫಂಕ್ಷನ್‌ಗಳು ಸಿಕ್ಕವು. ಅವುಗಳಲ್ಲಿ ಒಂದು ಮಾರ್ಚ್ ತಿಂಗಳನ್ನೇ ಹೊಸ ವರ್ಷಕ್ಕೆ ಸೇರಿಸುತ್ತಿತ್ತು.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು

ಇಡೀ ಕೆಲಸದಲ್ಲಿ ತಲೆ ಖರ್ಚು ಮಾಡಬೇಕಾದ ಜಾಗ ಇದು. ಪಟ್ಟಿಯಲ್ಲಿರುವ ಪ್ರತಿ ಜೋಡಿಯ ಮುಂದೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಇದು ಬದಲಾಗಬೇಕಾದರೆ ಎಲ್ಲ ಕಡೆಯೂ ಅದೇ ದಿನ, ಅದೇ ಕಾರಣಕ್ಕೆ ಬದಲಾಗಬೇಕೇ? ಹೌದು ಎಂದಾದರೆ ಅದು ಒಂದೇ ನಿಯಮ, ಅದಕ್ಕೆ ಒಂದೇ ಜಾಗ ಬೇಕು. ಇಲ್ಲ ಎಂದಾದರೆ ಎರಡು ಸಾಲುಗಳು ಇಂದು ಒಂದೇ ರೀತಿ ಕಾಣುತ್ತಿರುವುದು ಕೇವಲ ಆಕಸ್ಮಿಕ.

ತೆರಿಗೆಯ ಮೊತ್ತವನ್ನು ರೂಪಾಯಿಗೆ ದುಂಡಾಗಿಸುವುದು ಮೊದಲ ಬಗೆಯದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮು 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಟ್ಟುಬಿಡಬೇಕು ಎನ್ನುತ್ತದೆ. ಅಂಗಡಿಯವರು ಹಮಾಲಿ, ದಲಾಲಿಗಳಿಗೂ ಅದೇ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಈ ನಿಯಮ ಬದಲಾದರೆ ಎಲ್ಲ ಕಾಗದಗಳಲ್ಲೂ ಬದಲಾಗಬೇಕು, ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಉಳಿದರೆ ಜಗಳ ಖಚಿತ.

ಎರಡನೆಯ ಬಗೆಗೆ ನನ್ನದೇ ತಪ್ಪಿನ ಉದಾಹರಣೆ ಇದೆ. ಮೆಣಸಿನಕಾಯಿ ಮಾಡ್ಯೂಲಿನಲ್ಲಿ ಒಟ್ಟು ತೂಕದಿಂದ ಖಾಲಿ ಗೋಣಿಚೀಲದ ತೂಕವೆಂದು ಚೀಲಕ್ಕೆ ಒಂದು ಕಿಲೋ ಕಳೆಯುತ್ತಿದ್ದೆ. ಮುಂದೆ ಗದಗಿನ ಒಬ್ಬ ಶೇಂಗಾ ವ್ಯಾಪಾರಿಗಾಗಿ ಬರೆದ ಮಾಡ್ಯೂಲಿನಲ್ಲೂ ಅದೇ ಒಂದು ಕಿಲೋ ಇತ್ತು. ಸಾಲುಗಳು ಅಕ್ಷರಶಃ ಒಂದೇ ಆಗಿದ್ದುದನ್ನು ಕಂಡು ಉತ್ಸಾಹದಿಂದ ಎರಡನ್ನೂ ಒಂದು ಫಂಕ್ಷನ್‌ಗೆ ಸೇರಿಸಿದೆ. ಶೇಂಗಾ ವ್ಯಾಪಾರಿ ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿಸಿದಾಗ ಆ ಫಂಕ್ಷನ್‌ಗೆ ‘ಪ್ಲಾಸ್ಟಿಕ್ಕೇ?’ ಎಂಬ ಹೌದು-ಅಲ್ಲ ಆಯ್ಕೆ ಸೇರಿತು. ಮುಂದೆ ಮೆಣಸಿನಕಾಯಿಯವರು ಹಸಿ ಚೀಲಕ್ಕೆ ಬೇರೆ ತೂಕ ಬೇಕೆಂದಾಗ ಇನ್ನೊಂದು ಆಯ್ಕೆ ಸೇರಿತು. ಒಬ್ಬರ ಬದಲಾವಣೆಗೆ ಇನ್ನೊಬ್ಬರ ಪ್ರೋಗ್ರಾಮನ್ನು ಮತ್ತೆ ಪರೀಕ್ಷಿಸಬೇಕಾದ ಸ್ಥಿತಿ ಬಂದದ್ದು, ಎರಡು ಅಂಗಡಿಗಳ ಎರಡು ಬೇರೆ ಪದ್ಧತಿಗಳನ್ನು ನಾನು ಒಂದೇ ನಿಯಮವೆಂದು ಭಾವಿಸಿದ್ದರಿಂದ.

ಎರಡು ನಕಲು ಇದ್ದರೆ ಸಹಿಸಿ, ಮೂರನೆಯದು ಬಂದಾಗ ಸೇರಿಸಿ ಎಂಬ ಮಾತು ಪ್ರೋಗ್ರಾಮರ್‌ಗಳಲ್ಲಿ ರೂಢಿಯಲ್ಲಿದೆ. ಚೀಲದ ತೂಕದಂಥ, ಇನ್ನೂ ಸ್ಪಷ್ಟವಾಗದ ಸಂಗತಿಗಳಿಗೆ ಅದು ಒಳ್ಳೆಯ ಸಲಹೆ. ಕಾನೂನಿನಿಂದ ಬಂದ ನಿಯಮಕ್ಕೆ ಮಾತ್ರ ಅದನ್ನು ಅನ್ವಯಿಸಬೇಡಿ, ಅಲ್ಲಿ ಎರಡನೆಯ ನಕಲೇ ಹೆಚ್ಚು.

ಹಂಚಿಕೊಳ್ಳಬೇಕಾದದ್ದು ಯಾವಾಗಲೂ ಫಂಕ್ಷನ್ ಆಗಿರಬೇಕಿಲ್ಲ, ಎಷ್ಟೋ ಸಲ ಅದು ಬರೀ ಮಾಹಿತಿ. 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರೆಯಾದವು. ಹಳೆಯ ಖಾತೆ ಪುಸ್ತಕದಿಂದ ತುಂಬಿಸಿದ ವಿಳಾಸಗಳಲ್ಲಿ ಬ್ಯಾಡಗಿ, ರಾಣೆಬೆನ್ನೂರುಗಳು ಇಂದಿಗೂ ಧಾರವಾಡ ಜಿಲ್ಲೆಯಲ್ಲಿಯೇ ಇರುತ್ತವೆ. 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಹೆಸರು ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಆಯಿತು, ಅಂದೇ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಹೋಗುವ ಈ ಪಟ್ಟಿಯನ್ನು ಪ್ರತಿ ಮಾಡ್ಯೂಲಿನಲ್ಲೂ ಷರತ್ತುಗಳಾಗಿ ಬರೆಯುವ ಬದಲು ಒಂದು ಕೋಷ್ಟಕವಾಗಿ ಒಂದೇ ಕಡೆ ಇಡುವುದು ಸರಿ.

ಸೇರಿಸುವ ಮೊದಲು ಟೆಸ್ಟ್

ಎರಡು ನಕಲುಗಳಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ಸುಲಭವೆನಿಸುತ್ತದೆ, ಆದರೆ ಅವು ನಿಜವಾಗಿಯೂ ಒಂದೇ ಉತ್ತರ ಕೊಡುತ್ತವೆಯೇ ಎಂಬುದು ಪರೀಕ್ಷಿಸುವ ತನಕ ತಿಳಿಯುವುದಿಲ್ಲ. ಆದ್ದರಿಂದ ಎಲ್ಲ ನಕಲುಗಳಿಗೂ ಒಂದೇ ಸಂಖ್ಯೆಗಳನ್ನು ಕೊಟ್ಟು, ಬಂದ ಉತ್ತರಗಳನ್ನು ಅಕ್ಕಪಕ್ಕ ಬರೆಯುವ ಒಂದು ಚಿಕ್ಕ ಟೆಸ್ಟ್ ಫೈಲನ್ನು ಮೊದಲು ಸಿದ್ಧಪಡಿಸಿ. ಸಾಧಾರಣ ಸಂಖ್ಯೆಗಳಿಂದ ಏನೂ ಗೊತ್ತಾಗುವುದಿಲ್ಲ, ಅಂಚಿನ ಸಂಖ್ಯೆಗಳನ್ನು ಕೊಡಬೇಕು: ಸೊನ್ನೆ, 1,262.50, 1,263.50, 99,999.50, ಮತ್ತು ಮರೆಯದೆ ಒಂದು ಋಣ ಸಂಖ್ಯೆ.

ಋಣ ಸಂಖ್ಯೆ ನನಗೆ ಎರಡು ಪಾಠ ಕಲಿಸಿತು. ಮಾಲು ವಾಪಸು ಬಂದಾಗ ಮಾಡುವ ಚೀಟಿಯಲ್ಲಿ −2.50 ಇದ್ದರೆ, ಅರ್ಧ ಕೂಡಿಸಿ ಕತ್ತರಿಸುವ ವಿಧಾನ −2 ಎನ್ನುತ್ತದೆ. ಮೂಲ ಬಿಲ್ಲಿನಲ್ಲಿ ಅದೇ ವಿಧಾನ 2.50ಕ್ಕೆ 3 ಎಂದಿರುತ್ತದೆ. ಎರಡನ್ನೂ ಕೂಡಿಸಿದಾಗ ಖಾತೆ ಸೊನ್ನೆಗೆ ಬರದೆ ಒಂದು ರೂಪಾಯಿ ನೇತಾಡುತ್ತಲೇ ಉಳಿಯುತ್ತದೆ. ಪೈಥಾನಿನ ‘ಡೆಸಿಮಲ್’ ಮಾಡ್ಯೂಲಿನಲ್ಲಿರುವ ‘ರೌಂಡ್ ಹಾಫ್ ಅಪ್’ ಕ್ರಮ ಅರ್ಧವನ್ನು ಸೊನ್ನೆಯಿಂದ ದೂರಕ್ಕೆ ತಳ್ಳುವುದರಿಂದ 3 ಮತ್ತು −3 ಎಂದು ಸರಿಯಾಗಿ ಕೊಡುತ್ತದೆ. ಹಣಕ್ಕೆ ನಾನು ಉಳಿಸಿಕೊಂಡದ್ದು ಅದನ್ನೇ. ಅದರ ಜೊತೆಗೆ ಫ್ಲೋಟ್ ಸಂಖ್ಯೆಗಳನ್ನು (ದಶಾಂಶವನ್ನು ಕಂಪ್ಯೂಟರು ದ್ವಿಮಾನದಲ್ಲಿ ಅಂದಾಜಾಗಿ ಇಡುವ ಬಗೆ) ಹಣದಿಂದ ಪೂರ್ತಿ ಹೊರಗೆ ಹಾಕಿದೆ. ದ್ವಿಮಾನ ಪದ್ಧತಿಯಲ್ಲಿ 2.675 ಎಂಬುದನ್ನು ಕರಾರುವಾಕ್ಕಾಗಿ ಬರೆಯಲು ಆಗದ ಕಾರಣ ಎರಡು ದಶಾಂಶಕ್ಕೆ ದುಂಡಾಗಿಸಿದರೆ 2.68 ಬರುವುದಿಲ್ಲ, 2.67 ಬರುತ್ತದೆ. ಡೆಸಿಮಲ್ ಬಳಸುವಾಗಲೂ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಅಕ್ಷರರೂಪದಲ್ಲಿ ಕೊಡಬೇಕು. ಫ್ಲೋಟನ್ನೇ ಕೊಟ್ಟರೆ ಅದರ ದೋಷವೂ ಜೊತೆಗೇ ಒಳಗೆ ಬರುತ್ತದೆ.

ಎರಡನೆಯ ಪಾಠ ಅಲ್ಪವಿರಾಮದ್ದು. ಪೈಥಾನಿನ ಸಿದ್ಧ ವ್ಯವಸ್ಥೆ 1234567 ಎಂಬುದನ್ನು 1,234,567 ಎಂದು ಮೂರು ಮೂರಾಗಿ ಒಡೆಯುತ್ತದೆ, ನಮ್ಮ ಲಕ್ಷ-ಕೋಟಿ ಲೆಕ್ಕಕ್ಕೆ 12,34,567 ಬೇಕು. ಕೊನೆಯ ಮೂರು ಅಂಕಿಗಳನ್ನು ಬೇರೆ ಇಟ್ಟು, ಉಳಿದವನ್ನು ಬಲದಿಂದ ಎರಡೆರಡಾಗಿ ಒಡೆಯುವ ಫಂಕ್ಷನ್ ಬರೆಯುವುದು ಕಷ್ಟವಲ್ಲ. ಆದರೆ ಋಣ ಚಿಹ್ನೆಯನ್ನು ಮೊದಲೇ ಬೇರ್ಪಡಿಸದಿದ್ದರೆ −12345 ಎಂಬುದು ‘−,12,345’ ಆಗಿ ಮುದ್ರಣವಾಗುತ್ತದೆ. ತಮಾಷೆಯೆಂದರೆ −123456ಕ್ಕೆ ಅದೇ ಕೋಡ್ ಸರಿಯಾದ ಉತ್ತರ ಕೊಡುತ್ತದೆ, ಹಾಗಾಗಿ ಒಂದೇ ಋಣ ಸಂಖ್ಯೆಯಿಂದ ಪರೀಕ್ಷಿಸಿ ನಿಶ್ಚಿಂತರಾದವರಿಗೆ ದೋಷ ಕಾಣುವುದೇ ಇಲ್ಲ. ‘ಲೊಕೇಲ್’ (ಪ್ರದೇಶಕ್ಕೆ ತಕ್ಕ ಬರವಣಿಗೆಯ ಸೆಟ್ಟಿಂಗ್) ಮಾಡ್ಯೂಲಿನಿಂದಲೂ ಭಾರತೀಯ ಪದ್ಧತಿಯ ಅಲ್ಪವಿರಾಮ ಪಡೆಯಬಹುದು. ಆದರೆ ಆ ಲೊಕೇಲ್ ಅಂಗಡಿಯ ಕಂಪ್ಯೂಟರಿನಲ್ಲಿ ಇರಲೇಬೇಕು, ಮತ್ತು ಅದನ್ನು ಬದಲಾಯಿಸಿದರೆ ಇಡೀ ಪ್ರೋಗ್ರಾಮಿಗೆ ಬದಲಾಗುತ್ತದೆ. ಹಂಚಿಕೊಳ್ಳುವ ಕೋಡ್ ಹಾಗೆ ಕರೆದವರ ಮನೆಯ ಸಾಮಾನನ್ನು ಅಲುಗಾಡಿಸಬಾರದು.

ನಕಲುಗಳ ಉತ್ತರ ಬೇರೆಯಾದಲ್ಲಿ ಯಾವುದು ಸರಿ ಎಂದು ನೀವೇ ತೀರ್ಮಾನಿಸಬೇಡಿ, ಲೆಕ್ಕ ಬಲ್ಲವರನ್ನು ಕೇಳಿ. ನಮ್ಮ ಗುಮಾಸ್ತರು ಎರಡು ನಿಮಿಷದಲ್ಲಿ ಹೇಳಿದ ಉತ್ತರಕ್ಕೆ ನಾನು ಒಂದು ಸಂಜೆ ತಲೆ ಕೆಡಿಸಿಕೊಂಡಿದ್ದೆ.

ಕನ್ನಡ ಹೆಸರುಗಳು

ಕನ್ನಡದಲ್ಲಿ ಮಾಹಿತಿ ತುಂಬಿಸುವ ಯಾವ ಪ್ರೋಗ್ರಾಮಿಗೂ ಬೇಕಾಗುವ ಒಂದು ಸಹಾಯಕ ಫಂಕ್ಷನ್ ಬಗ್ಗೆ ಇಲ್ಲಿ ಬೇರೆಯಾಗಿಯೇ ಹೇಳಬೇಕು. ‘ಕೊಟ್ರೇಶ’ ಎಂಬ ಹೆಸರನ್ನು, ಪ್ರತಿ ಅಕ್ಷರ ಮತ್ತು ಚಿಹ್ನೆಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ‘ಕೊ’ದಲ್ಲಿರುವ ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ, ಅದನ್ನೇ ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಏಕಾರಕ್ಕೂ ಹೀಗೆಯೇ. ಒಂದು ರೀತಿಯಲ್ಲಿ ಆ ಹೆಸರು 7 ಸಂಕೇತಗಳ ಉದ್ದವಿದ್ದರೆ ಇನ್ನೊಂದು ರೀತಿಯಲ್ಲಿ 9. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಅವು ಇಬ್ಬರು ಬೇರೆ ರೈತರು, ಎರಡು ಬೇರೆ ಖಾತೆಗಳು. ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ ಎಂಬ ರೂಪವನ್ನು ಕೇಳಿದರೆ ಎರಡೂ ಒಂದೇ ಆಗುತ್ತವೆ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕೂರುವ ಶೂನ್ಯ ಅಗಲದ ಚಿಹ್ನೆಗಳನ್ನು ಈ ರೂಪ ತೆಗೆಯುವುದಿಲ್ಲ. ಅವುಗಳನ್ನು ನೀವೇ ತೆಗೆಯಬೇಕು, ಅದೂ ಹುಡುಕುವ ಕೀಲಿಯಿಂದ (ಹೋಲಿಸಲೆಂದೇ ಇಟ್ಟ ಹೆಸರಿನ ಪ್ರತಿಯಿಂದ) ಮಾತ್ರ. ಮುದ್ರಿಸುವ ಹೆಸರಿನಿಂದ ತೆಗೆದರೆ ‘ರಾಜ್‌ಕುಮಾರ’ದಲ್ಲಿ ಜಕಾರಕ್ಕೆ ಒತ್ತಕ್ಷರ ಅಂಟಿಕೊಳ್ಳುತ್ತದೆ. ಹೀಗಾಗಿ ಹೆಸರಿಗೆ ಎರಡು ಫಂಕ್ಷನ್ ಬೇಕು, ಒಂದು ತೋರಿಸಲು, ಒಂದು ಹೋಲಿಸಲು. ಕನ್ನಡ ಅಂಕಿಗಳ ಬಗ್ಗೆ ಚಿಂತೆ ಬೇಡ, ‘೧೨೫’ ಎಂದು ಟೈಪ್ ಮಾಡಿದ್ದನ್ನು ಪೈಥಾನ್ ತಾನೇ 125 ಎಂದು ಓದಿಕೊಳ್ಳುತ್ತದೆ.

ಎಲ್ಲಿಡಬೇಕು, ಏನೆಂದು ಕರೆಯಬೇಕು

ಮೂರು ಮಾಡ್ಯೂಲುಗಳ ಪಕ್ಕದಲ್ಲಿ ಒಂದು ಹೊಸ ಪ್ಯಾಕೇಜ್ (ಹಲವು ಮಾಡ್ಯೂಲುಗಳನ್ನು ಒಟ್ಟಿಗಿಡುವ) ಫೋಲ್ಡರ್ ಮಾಡಿ, ಅದರಲ್ಲಿ ಹಣ, ಹೆಸರು, ದಿನಾಂಕ, ಊರು ಎಂದು ವಿಷಯಕ್ಕೊಂದು ಫೈಲ್ ಇಡಿ. ‘ಯುಟಿಲ್ಸ್’ ಅಥವಾ ‘ಕಾಮನ್’ ಎಂಬ ಹೆಸರಿನ ಒಂದೇ ಫೈಲ್ ಬೇಡ. ಅದು ಮನೆಯ ಅಟ್ಟವಿದ್ದಂತೆ, ಏನನ್ನು ಬೇಕಾದರೂ ಎತ್ತಿಡಬಹುದು, ಬೇಕಾದಾಗ ಯಾವುದೂ ಸಿಗುವುದಿಲ್ಲ. ಸಿಗದವನು ಮತ್ತೆ ಹೊಸದಾಗಿ ಬರೆಯುತ್ತಾನೆ, ನಕಲು ಅಲ್ಲಿಂದಲೇ ಮತ್ತೆ ಹುಟ್ಟುತ್ತದೆ.

ಹೆಸರಿಡುವಾಗ ಒಂದು ಹಳ್ಳವಿದೆ. ಫೈಲಿಗೆ ‘ಕ್ಯಾಲೆಂಡರ್’ ಅಥವಾ ‘ಡೆಸಿಮಲ್’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟು ಅದೇ ಫೋಲ್ಡರಿನಿಂದ ಪ್ರೋಗ್ರಾಮ್ ನಡೆಸಿದರೆ, ಪೈಥಾನ್ ತನ್ನ ಸ್ವಂತ ಮಾಡ್ಯೂಲನ್ನು ಬಿಟ್ಟು ನಿಮ್ಮದನ್ನು ಎತ್ತಿಕೊಳ್ಳುತ್ತದೆ, ಏಕೆಂದರೆ ನಡೆಸಿದ ಫೈಲಿನ ಫೋಲ್ಡರನ್ನು ಅದು ಮೊದಲು ಹುಡುಕುತ್ತದೆ. ಬರುವ ದೋಷದ ಸಂದೇಶದಿಂದ ನಿಜವಾದ ಕಾರಣ ಹಲವು ಸಲ ತಿಳಿಯುವುದಿಲ್ಲ. ಪ್ಯಾಕೇಜಿನೊಳಗಿನ ಫೈಲನ್ನು ನೇರವಾಗಿ ನಡೆಸುವ ಅಭ್ಯಾಸವನ್ನೂ ಬಿಡಿ. ಹಾಗೆ ಮಾಡಿದಾಗ ಚುಕ್ಕಿಯಿಂದ ಆರಂಭವಾಗುವ ಸಾಪೇಕ್ಷ ಇಂಪೋರ್ಟುಗಳು ಕೆಲಸ ಮಾಡುವುದಿಲ್ಲ. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ನಿಂತು ಪೈಥಾನಿಗೆ ‘ಮೈನಸ್ ಎಂ’ ಆಯ್ಕೆ ಕೊಟ್ಟು ಮಾಡ್ಯೂಲಿನ ಪೂರ್ತಿ ಹೆಸರಿನಿಂದ ನಡೆಸಿ. ಹುಡುಕುವ ದಾರಿಗಳ ಪಟ್ಟಿಗೆ ಕೋಡಿನೊಳಗಿಂದಲೇ ಒಂದು ಫೋಲ್ಡರ್ ಸೇರಿಸುವ ಉಪಾಯ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಅಂಗಡಿಯ ಕಂಪ್ಯೂಟರಿನಲ್ಲಿ ಕೈಕೊಡುತ್ತದೆ.

ಇಂಪೋರ್ಟ್ ಒಂದೇ ದಿಕ್ಕಿಗೆ

ಬಿಲ್ ಮಾಡ್ಯೂಲ್ ಹಣದ ಫೈಲನ್ನು ಇಂಪೋರ್ಟ್ ಮಾಡಬಹುದು, ಹಣದ ಫೈಲ್ ಬಿಲ್ ಮಾಡ್ಯೂಲನ್ನು ಎಂದಿಗೂ ಮಾಡಬಾರದು. ಹೇಳಲು ಸುಲಭವಾದ ಈ ಕಟ್ಟಳೆ ಮುರಿಯುವುದು ಬಹಳ ಸಣ್ಣ ಕಾರಣಕ್ಕೆ. ಪೈಸೆಯನ್ನು ಮುದ್ರಿಸಬೇಕೇ ಬೇಡವೇ ಎಂಬ ಅಂಗಡಿಯ ಸೆಟ್ಟಿಂಗ್ ಬಿಲ್ ಮಾಡ್ಯೂಲಿನಲ್ಲಿತ್ತು, ಅದನ್ನು ಓದಲು ನಾನು ಹಣದ ಫೈಲಿನ ತಲೆಯಲ್ಲಿ ಒಂದು ಇಂಪೋರ್ಟ್ ಸಾಲು ಸೇರಿಸಿದೆ. ಬಿಲ್ ಓದಲು ಆರಂಭಿಸಿದ ಪೈಥಾನ್ ಹಣದ ಫೈಲಿಗೆ ಹೋಯಿತು, ಅಲ್ಲಿಂದ ಮರಳಿ ಬಿಲ್‌ಗೆ ಬಂದಾಗ ಅದಿನ್ನೂ ಅರ್ಧವಷ್ಟೇ ಸಿದ್ಧವಾಗಿತ್ತು, ಬೇಕಾದ ಹೆಸರು ಸಿಗಲಿಲ್ಲ. ಇಂಪೋರ್ಟನ್ನು ಫಂಕ್ಷನ್ನಿನ ಒಳಗೆ ಇಳಿಸಿದರೆ ದೋಷ ಮಾಯವಾಗುತ್ತದೆ, ಸುತ್ತು ಮಾತ್ರ ಹಾಗೆಯೇ ಉಳಿಯುತ್ತದೆ. ಸರಿಯಾದ ದಾರಿಯೆಂದರೆ ಪೈಸೆ ಬೇಕೇ ಎಂಬುದನ್ನು ಬಿಲ್ ಮಾಡ್ಯೂಲೇ ಕರೆಯುವಾಗ ಆರ್ಗ್ಯುಮೆಂಟಾಗಿ (ಫಂಕ್ಷನ್‌ಗೆ ಒಳಗೆ ಕೊಡುವ ಮೌಲ್ಯವಾಗಿ) ಕೊಡುವುದು. ಇದೇ ಕಾರಣಕ್ಕೆ ಆರ್ಥಿಕ ವರ್ಷದ ಫಂಕ್ಷನ್ ಕೂಡ ಇಂದಿನ ದಿನಾಂಕವನ್ನು ತಾನೇ ಹುಡುಕಬಾರದು, ಕರೆದವರು ಕೊಡಬೇಕು. ಆಗ 2025ರ ಮಾರ್ಚ್ 31ಕ್ಕೆ 2024-25 ಬರುತ್ತದೆಯೇ, ಮರುದಿನಕ್ಕೆ 2025-26 ಬರುತ್ತದೆಯೇ ಎಂದು ಯಾವ ದಿನ ಬೇಕಾದರೂ ಪರೀಕ್ಷಿಸಬಹುದು.

ಹಂಚಿಕೊಂಡ ಪ್ಯಾಕೇಜಿಗೆ ವ್ಯಾಪಾರದ ಗಂಧವೂ ತಗಲಬಾರದು ಎಂಬುದು ನನ್ನ ಅಭಿಪ್ರಾಯ. ಡಬ್ಬಿ, ಕಡ್ಡಿ, ಗುಂಟೂರು ಎಂಬ ಮೆಣಸಿನಕಾಯಿಯ ಪಟ್ಟಿ ಮೂರೂ ಮಾಡ್ಯೂಲುಗಳಿಗೆ ಬೇಕಾಗಿದ್ದರೂ ಅದನ್ನು ನಾನು ಹಣದ ಫೈಲಿನ ಹತ್ತಿರಕ್ಕೆ ಬಿಡದೆ, ಆ ಅಂಗಡಿಯ ಪ್ರಾಜೆಕ್ಟಿನೊಳಗೆ ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ.

ಒಂದೊಂದಾಗಿ ಸಾಗಿಸುವುದು

ಹೊಸ ಫಂಕ್ಷನ್ ಸಿದ್ಧವಾದ ಮೇಲೆ ಎಲ್ಲ ಕಡೆ ಒಂದೇ ದಿನ ಬದಲಾಯಿಸಬೇಡಿ. ಮೊದಲು ಹಳೆಯ ಫಂಕ್ಷನ್ನಿನ ಹೆಸರನ್ನು ಉಳಿಸಿ, ಅದರ ಒಡಲನ್ನಷ್ಟೇ ತೆಗೆದು, ಹೊಸದನ್ನು ಕರೆಯುವ ಒಂದು ಸಾಲು ಹಾಕಿ. ಟೆಸ್ಟ್ ನಡೆಸಿ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಆ ಬದಲಾವಣೆಯನ್ನು ದಾಖಲಿಸಿ. ಆಮೇಲೆ ಒಂದೊಂದೇ ಮಾಡ್ಯೂಲ್ ನೇರವಾಗಿ ಹೊಸ ಹೆಸರನ್ನು ಕರೆಯುವಂತೆ ಮಾಡಿ, ಪ್ರತಿ ಸಲವೂ ಬೇರೆ ಕಮಿಟ್ ಇರಲಿ. ಹಳೆಯ ಹೆಸರನ್ನು ಯಾರೂ ಕರೆಯುತ್ತಿಲ್ಲವೆಂದು ಗ್ರೆಪ್ ಹೇಳಿದ ದಿನ ಅದನ್ನು ಅಳಿಸಿ. ‘ಇರಲಿ ಬಿಡು’ ಎಂದು ಉಳಿಸಿದ ಹೆಸರನ್ನು ಆರು ತಿಂಗಳ ಬಳಿಕ ಯಾರೋ ಮತ್ತೆ ಬಳಸುತ್ತಾರೆ.

ಬೇರೆ ಬೇರೆ ಪ್ರಾಜೆಕ್ಟುಗಳ ನಡುವೆ

ಗದಗಿನ ಶೇಂಗಾ ಪ್ರೋಗ್ರಾಮ್ ಬೇರೆಯದೇ ಪ್ರಾಜೆಕ್ಟ್ ಆಗಿದ್ದರಿಂದ ಫೋಲ್ಡರನ್ನು ಪಕ್ಕದಲ್ಲಿಟ್ಟರೆ ಸಾಕಾಗಲಿಲ್ಲ. ಸಹಾಯಕ ಕೋಡನ್ನು ತನ್ನದೇ ಹೆಸರು ಮತ್ತು ಆವೃತ್ತಿ ಸಂಖ್ಯೆಯಿರುವ ಸಣ್ಣ ಪ್ಯಾಕೇಜಾಗಿ ಮಾಡಿ, ಖಾಸಗಿ ಗಿಟ್ ರೆಪಾಸಿಟರಿಯಲ್ಲಿ ಇಟ್ಟೆ. ಬರೆಯುವಾಗ, ಪೈಥಾನ್ ಪ್ಯಾಕೇಜುಗಳನ್ನು ಅಳವಡಿಸುವ ಪಿಪ್‌ನ ‘ಎಡಿಟಬಲ್’ ಅಳವಡಿಕೆಯಿಂದ ಬದಲಾವಣೆಗಳು ಕೂಡಲೇ ಕಾಣುತ್ತವೆ. ಅಂಗಡಿಗೆ ಕಳಿಸುವಾಗ ಮಾತ್ರ ಆವೃತ್ತಿಯನ್ನು ಖಚಿತವಾಗಿ ಬರೆದಿಡಬೇಕು, ಇಲ್ಲವಾದರೆ ಗದಗಿಗಾಗಿ ಮಾಡಿದ ಬದಲಾವಣೆ ಬ್ಯಾಡಗಿಯಲ್ಲಿ ಹಂಗಾಮಿನ ನಡುವೆ ಬಂದಿಳಿಯುತ್ತದೆ. ಆವೃತ್ತಿಯ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಹಳೆಯ ಬಳಕೆದಾರರಿಗೆ ಒಗ್ಗದ ಬದಲಾವಣೆಯನ್ನು ಸೂಚಿಸುತ್ತದೆ. ಫಂಕ್ಷನ್ನಿನ ಹೆಸರು, ಆರ್ಗ್ಯುಮೆಂಟುಗಳು ಹಾಗೆಯೇ ಇದ್ದು ದುಂಡಾಗಿಸುವ ಕ್ರಮವಷ್ಟೇ ಬದಲಾದರೂ ನಾನು ಮೊದಲ ಸಂಖ್ಯೆಯನ್ನೇ ಏರಿಸುತ್ತೇನೆ, ಏಕೆಂದರೆ ಬಿಲ್ ಹಿಡಿದವರಿಗೆ ಕಾಣುವುದು ರೂಪಾಯಿಯೇ ಹೊರತು ಆರ್ಗ್ಯುಮೆಂಟ್ ಅಲ್ಲ.

ಹೊರಗಿನವರ ಸಣ್ಣ ಪ್ಯಾಕೇಜುಗಳನ್ನು ತರುವ ಮುನ್ನವೂ ಯೋಚಿಸಬೇಕು. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟ್ ಲೋಕದ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದುಹಾಕಿದಾಗ, ಅದನ್ನು ನೆಚ್ಚಿದ್ದ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್‌ಗಳೂ (ಕೋಡಿನಿಂದ ಪ್ರೋಗ್ರಾಮ್ ಸಿದ್ಧಪಡಿಸುವ ಕೆಲಸ) ನಿಂತುಹೋದವು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಹಾಕಲಾಯಿತು. ಅಷ್ಟು ಚಿಕ್ಕ ಕೋಡಾದರೆ ನಕಲು ಮಾಡಿ ನಿಮ್ಮ ಪ್ಯಾಕೇಜಿನಲ್ಲೇ ಇಟ್ಟುಕೊಳ್ಳುವುದು ಮೇಲು, ಲೈಸೆನ್ಸ್ ಅದಕ್ಕೆ ಅನುಮತಿ ಕೊಡುತ್ತದೆಯೇ ಎಂಬುದನ್ನು ನೋಡಿಕೊಂಡು.

ಮರಳಿ ಬೇರೆ ಮಾಡುವುದು

ಸೇರಿಸಿದ್ದು ತಪ್ಪಾಗಿದ್ದರೆ ಒಂದು ಲಕ್ಷಣದಿಂದ ಗೊತ್ತಾಗುತ್ತದೆ: ಫಂಕ್ಷನ್‌ಗೆ ಹೌದು-ಅಲ್ಲ ಆಯ್ಕೆಗಳು ಒಂದೊಂದಾಗಿ ಸೇರುತ್ತ ಹೋಗುತ್ತವೆ, ಪ್ರತಿ ಆಯ್ಕೆಯನ್ನೂ ಬಳಸುವವರು ಒಬ್ಬರೇ ಇರುತ್ತಾರೆ. ಚೀಲದ ತೂಕದ ಫಂಕ್ಷನ್‌ಗೆ ಮೂರನೆಯ ಆಯ್ಕೆ ಕೇಳಿಬಂದಾಗ ನಾನು ಅದನ್ನು ಬಿಡಿಸಿದೆ. ಕ್ರಮ ಮೊದಲಿನದಕ್ಕೆ ತಿರುಗುಮುರುಗು. ಫಂಕ್ಷನ್ನಿನ ಪೂರ್ತಿ ನಕಲನ್ನು ಎರಡೂ ಪ್ರಾಜೆಕ್ಟುಗಳಿಗೆ ಹಾಕಿ, ಆಯಾ ಪ್ರಾಜೆಕ್ಟಿಗೆ ಬೇಡದ ಆಯ್ಕೆಗಳನ್ನೂ ಅವುಗಳ ಷರತ್ತುಗಳನ್ನೂ ಅಳಿಸುತ್ತ ಹೋಗಬೇಕು, ಪ್ರತಿ ಅಳಿಸುವಿಕೆಯ ನಂತರ ಟೆಸ್ಟ್ ನಡೆಸಬೇಕು. ಕೊನೆಗೆ ಹಂಚಿಕೊಂಡ ಪ್ಯಾಕೇಜಿನಿಂದ ಆ ಫಂಕ್ಷನ್ ತೆಗೆದು ಆವೃತ್ತಿಯ ಮೊದಲ ಸಂಖ್ಯೆಯನ್ನು ಏರಿಸಬೇಕು. ಬ್ಯಾಡಗಿಯಲ್ಲಿ ಹಸಿ ಚೀಲದ ಒಂದು ಷರತ್ತು ಉಳಿಯಿತು, ಗದಗಿನಲ್ಲಿ ಚೀಲದ ಬಗೆಗೊಂದು ತೂಕವಿರುವ ನಾಲ್ಕು ಸಾಲಿನ ಕೋಷ್ಟಕ ಉಳಿಯಿತು.